ಮೂರು ಜೋಡಿ, ಒಂದು ಸಿತಾರ್

ಈ ಸಲದ ಸಂಚಿಕೆಗೆ ಯಾರು ಏನು ಬರೆಯುತ್ತೀರಿ ಎಂದು ಕನ್ನಡ ಮೇಡಂ ಕ್ಲಾಸಿನಲ್ಲಿ ಕೇಳಿದಾಗ ನಾನು ಎದ್ದು ನಿಂತು "ಇಯರ್‌ಫೋನ್ ಬಗ್ಗೆ ಬರೀಲಾ ಮೇಡಂ?" ಅಂದೆ. ಕ್ಲಾಸೆಲ್ಲ ನಕ್ಕಿತು. ನಗುವುದಕ್ಕೆ ಕಾರಣವೂ ಇದೆ. ಕಳೆದ ವರ್ಷ ಸ್ವೆಟರಿನ ತೋಳಿನೊಳಗಿಂದ ವೈರ್ ಎಳೆದು, ಅಂಗೈಯನ್ನು ಕಿವಿಗೆ ಒತ್ತಿಕೊಂಡು ಕುಳಿತು ಕೆಮಿಸ್ಟ್ರಿ ಪೀರಿಯಡ್‌ನಲ್ಲಿ ಸಿಕ್ಕಿಬಿದ್ದವನು ನಾನೇ. ಮೇಡಂ ಮಾತ್ರ ನಗಲಿಲ್ಲ. "ಬರಿ. ಆದರೆ ಯಾವ ಕಂಪನಿಯ ಜಾಹೀರಾತೂ ಆಗಬಾರದು" ಅಂದರು. ಹಾಗಾಗಿ ನನ್ನ ಬಳಿ ಇರುವ ಮಾಲಿನ ಹೆಸರುಗಳನ್ನು ಇಲ್ಲಿ ಬರೆಯುತ್ತಿಲ್ಲ. ಬೇಕಾದವರು ಊಟದ ಬಿಡುವಿನಲ್ಲಿ ಬಂದು ಕೇಳಿ.

ನನ್ನ ಹತ್ತಿರ ಆಗ ಮೂರು ಜೋಡಿ ಇದ್ದವು. ಒಂದು, ಮನೆಯ ಹಳೆಯ ಫೋನಿನ ಜೊತೆ ಬಂದಿದ್ದ ಬಿಳಿ ಇಯರ್‌ಬಡ್. ರಬ್ಬರ್ ಇಲ್ಲದ್ದು, ಕಿವಿಯ ಬಾಯಲ್ಲಿ ಸುಮ್ಮನೆ ಕೂತುಕೊಳ್ಳುವಂಥದ್ದು. ಎರಡನೆಯದು ಇನ್-ಇಯರ್ ಮಾನಿಟರ್, ಅಂದರೆ ಐಇಎಂ. ರಬ್ಬರಿನ ತುದಿ ಕಿವಿಯ ನಾಳದೊಳಗೆ ಹೋಗಿ ಬಾಟಲಿಯ ಬಿರಡೆಯಂತೆ ಮುಚ್ಚಿಬಿಡುತ್ತದೆ. ಪಕ್ಕದ ಬೀದಿಯ ಇಬ್ಬರು ಮಕ್ಕಳಿಗೆ ಗಣಿತ ಹೇಳಿಕೊಟ್ಟು ಬಂದ ದುಡ್ಡಿನಲ್ಲಿ ಎಸ್.ಪಿ. ರಸ್ತೆಗೆ ಹೋಗಿ ತಂದದ್ದು. ಮೂರನೆಯದು ನನ್ನದಲ್ಲ. ಖಾಲಾ ಅವರ ಮಗ ವಿಜಯನಗರದಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತಾನೆ. ಬೇಸಿಗೆ ರಜೆಯಲ್ಲಿ ಮೂರು ವಾರ ಊರಿಗೆ ಹೋಗುವಾಗ ತನ್ನ ಓಪನ್-ಬ್ಯಾಕ್ ಹೆಡ್‌ಫೋನನ್ನು ನನಗೆ ಕೊಟ್ಟು ಹೋದ. "ಬೀಳಿಸಿದರೆ ನೀನು ಬಿದ್ದ ಹಾಗೆ" ಎಂದು ಹೇಳಿಯೇ ಕೊಟ್ಟ.

ಓಪನ್-ಬ್ಯಾಕ್ ನೋಡದವರಿಗೆ ಒಂದು ಮಾತು. ಸಾಮಾನ್ಯ ಹೆಡ್‌ಫೋನಿನ ಬಟ್ಟಲುಗಳು ಹಿಂದೆ ಮುಚ್ಚಿರುತ್ತವೆ. ಇದರಲ್ಲಿ ಹಿಂಬದಿ ಬರೀ ಜಾಲರಿ. ಒಳಗಿನ ಸದ್ದು ಹೊರಗೆ ಹೋಗುತ್ತದೆ, ಹೊರಗಿನದು ಒಳಗೆ ಬರುತ್ತದೆ. ಜರ್ಮನಿಯ ಸೆನ್‌ಹೈಸರ್ ಕಂಪನಿ 1968ರಲ್ಲಿ ಎಚ್‌ಡಿ 414 ಎಂಬ ಹಗುರವಾದ, ಹಳದಿ ಸ್ಪಂಜಿನ ಹೆಡ್‌ಫೋನ್ ತಂದಾಗಿನಿಂದ ಈ ಜಾತಿ ಇದೆ. ಇದನ್ನು ಹಾಕಿಕೊಂಡು ಮೆಟ್ರೋದಲ್ಲಿ ಕೂತರೆ ಪಕ್ಕದವರೂ ನಿಮ್ಮ ಹಾಡು ಕೇಳುತ್ತಾರೆ, ನಿಮಗೆ ಅವರ ಫೋನ್ ಮಾತೂ ಕೇಳುತ್ತದೆ. ನಮ್ಮ ಮನೆ ಇರುವುದು ಚಂದ್ರಾ ಲೇಔಟ್‌ನ ಇಕ್ಕಟ್ಟಾದ ಅಡ್ಡರಸ್ತೆಯೊಂದರಲ್ಲಿ. ಓಪನ್-ಬ್ಯಾಕ್ ಹಾಕಿದರೆ ಸಂಗೀತದ ಜೊತೆಗೆ ಕುಕ್ಕರಿನ ವಿಷಲ್, ಕಸದ ಗಾಡಿಯ ಹಾಡು, ಮೇಲಿನ ಮನೆಯವರು ಕುರ್ಚಿ ಎಳೆಯುವುದು ಎಲ್ಲ ಉಚಿತ. ಹಾಗಾಗಿ ನಾನು ಕೇಳುತ್ತಿದ್ದದ್ದು ಫಜರ್ ನಮಾಜ್ ಮುಗಿದ ಮೇಲಿನ ಅರ್ಧ ಗಂಟೆ. ಆ ಹೊತ್ತಿಗೆ ಬೀದಿಯಲ್ಲಿ ಹಾಲಿನವನು ಬಿಟ್ಟರೆ ಯಾರೂ ಇರುವುದಿಲ್ಲ.

ಮೂರನ್ನೂ ಸರಿಯಾಗಿ ಹೋಲಿಸಿ ನೋಡಬೇಕು ಎನ್ನಿಸಿತು. ಫಿಸಿಕ್ಸ್ ರೆಕಾರ್ಡ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಎರಡು ಕಾಲಂ ಹಾಕಿದೆ: ಸೌಂಡ್‌ಸ್ಟೇಜ್, ಬ್ರೈಟ್‌ನೆಸ್. ಸೌಂಡ್‌ಸ್ಟೇಜ್ ಎಂದರೆ ಕಣ್ಣು ಮುಚ್ಚಿಕೊಂಡರೆ ವಾದ್ಯಗಳು ಎಲ್ಲಿ ಕೂತಂತೆ ಅನ್ನಿಸುತ್ತದೆ, ಆ ಜಾಗ ಎಷ್ಟು ಅಗಲ ಎನ್ನುವುದು. ಬ್ರೈಟ್‌ನೆಸ್ ಎಂದರೆ ಮೇಲಿನ ಆವರ್ತನಗಳು ಎಷ್ಟು ಎದ್ದು ಕೇಳುತ್ತವೆ ಎನ್ನುವುದು. ತಾಳದ ಕಿಣಿ, ಹಾಡುವವರ ‘ಸ’ಕಾರ, ತಂತಿಯ ಮಿಂಚು ಇವೆಲ್ಲ ಅಲ್ಲಿರುತ್ತವೆ.

ಪರೀಕ್ಷೆಗೆ ತೆಗೆದುಕೊಂಡದ್ದು ಅಬ್ಬಾ ಅವರ ಪೆನ್‌ಡ್ರೈವ್‌ನಲ್ಲಿದ್ದ ಒಂದು ಸಿತಾರ್ ವಾದನ. ಯಾರು ನುಡಿಸಿದ್ದು ಎಂದು ಬರೆದಿಲ್ಲ, ಫೈಲಿನ ಹೆಸರು ಬರೀ ‘ಟ್ರ್ಯಾಕ್ 07’. ಅಬ್ಬಾ ಧಾರವಾಡದವರು. ಆ ಊರಿಗೂ ಸಿತಾರಿಗೂ ಇರುವ ನಂಟು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಸಿತಾರ್ ರತ್ನ ಎನ್ನಿಸಿಕೊಂಡಿದ್ದ ರಹಿಮತ್ ಖಾನ್ ಅಲ್ಲಿ ನೆಲೆಸಿದರು. ಅವರ ಮೊಮ್ಮಗ ಉಸ್ತಾದ್ ಬಾಲೇಖಾನ್ 2007ರಲ್ಲಿ ತೀರಿಕೊಳ್ಳುವವರೆಗೂ ಆ ಮನೆತನದ ಬಾಜನ್ನು ನುಡಿಸಿದರು. ಹುಡುಗನಾಗಿದ್ದಾಗ ಅಬ್ಬಾ ಬಾಲೇಖಾನ್ ಸಾಹೇಬರನ್ನು ಒಂದೇ ಒಂದು ಸಲ ಎದುರಿಗೆ ಕೂತು ಕೇಳಿದ್ದರಂತೆ. ಆ ಒಂದು ಸಲದ ಮಾತು ನಮ್ಮ ಮನೆಯಲ್ಲಿ ನೂರು ಸಲ ಬಂದಿದೆ.

ಸಿತಾರಿನಲ್ಲಿ ‘ಜವಾರಿ’ ಎಂಬುದೊಂದಿದೆ. ತಂತಿಗಳು ಹಾದುಹೋಗುವ ಕುದುರೆಯ ಮೇಲ್ಮೈ ಚೂಪಾಗಿರದೆ ಸ್ವಲ್ಪ ಇಳಿಜಾರಾಗಿ ಅಗಲವಾಗಿರುತ್ತದೆ. ಕಂಪಿಸುವ ತಂತಿ ಆ ಮೇಲ್ಮೈಯನ್ನು ಸವರಿ ಸವರಿ ಹೋಗುವುದರಿಂದ ಮೂಲ ಸ್ವರದ ಮೇಲೆ ಮೇಲಿನ ಹಾರ್ಮೋನಿಕ್‌ಗಳು ಎದ್ದು ‘ಝುಂಯ್’ ಎನ್ನುತ್ತವೆ. ಆ ಮೇಲ್ಮೈಯನ್ನು ಅರದಿಂದ ಉಜ್ಜಿ ಹದ ಮಾಡುವವರು ಮಿಂಚು ಹೆಚ್ಚಿದ್ದರೆ ಖುಲಾ ಜವಾರಿ, ಮೆತ್ತಗಿದ್ದರೆ ಬಂದ್ ಜವಾರಿ ಎನ್ನುತ್ತಾರೆ. ಬ್ರೈಟ್‌ನೆಸ್ ಎಂಬ ಮಾತಿಗೆ ನಮ್ಮಲ್ಲಿ ಮೊದಲೇ ಒಳ್ಳೆಯ ಹೆಸರಿತ್ತು ಅನ್ನಿ.

ಈಗ ಫಲಿತಾಂಶ. ಬಿಳಿ ಇಯರ್‌ಬಡ್‌ನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಕಿವಿಯನ್ನು ಮುಚ್ಚದ ಕಾರಣ ಕೆಳಗಿನ ಸ್ವರಗಳು ಸೋರಿಹೋಗುತ್ತವೆ, ತಬಲಾದ ಬಾಯಾ ಎಲ್ಲೋ ಪಕ್ಕದ ಮನೆಯಲ್ಲಿದೆ ಅನ್ನಿಸುತ್ತದೆ. ಆಶ್ಚರ್ಯವೆಂದರೆ ಸ್ಟೇಜ್ ಮಾತ್ರ ಐಇಎಂಗಿಂತ ಅಗಲ.

ಐಇಎಂ ಹಾಕಿದರೆ ಎಲ್ಲವೂ ತಲೆಯೊಳಗೇ. ಸಿತಾರ್ ಹುಬ್ಬುಗಳ ನಡುವೆ, ತಬಲಾ ಬಲಗಿವಿಯ ಒಳಗೆ. ಆದರೆ ಒಂದೊಂದು ಮೀಟೂ ಬಿಡಿಬಿಡಿಯಾಗಿ, ಉಗುರಿನಿಂದ ಗೀರಿದಂತೆ ಸ್ಪಷ್ಟ. ನನ್ನ ಐಇಎಂ ಬಹಳ ಬ್ರೈಟ್. ಹತ್ತು ನಿಮಿಷಕ್ಕೆ ಕಿವಿ ಚುರುಗುಟ್ಟುತ್ತದೆ.

ಇದು ಯಾಕೆ ಎಂದು ಫಿಸಿಕ್ಸ್ ಸರ್ ಹತ್ತಿರ ಕೇಳಿದೆ. ಅವರು ಪ್ರಥಮ ಪಿಯುಸಿ ಲ್ಯಾಬಿನಲ್ಲಿ ಮಾಡಿದ ರೆಸೊನೆನ್ಸ್ ಟ್ಯೂಬ್ ನೆನಪಿಸಿದರು. ನಮ್ಮ ಕಿವಿಯ ನಾಳವೂ ಒಂದು ತುದಿ ತೆರೆದ, ಇನ್ನೊಂದು ತುದಿ ತಮಟೆಯ ಪೊರೆಯಿಂದ ಮುಚ್ಚಿದ ಕೊಳವೆ. ಉದ್ದ ಸುಮಾರು 2.5 ಸೆಂ.ಮೀ. ಅಂಥ ಕೊಳವೆಯ ಮೊದಲ ಅನುರಣನೆಗೆ ತರಂಗಾಂತರ ಉದ್ದದ ನಾಲ್ಕರಷ್ಟು, ಅಂದರೆ 10 ಸೆಂ.ಮೀ. ಶಬ್ದದ ವೇಗ ಸೆಕೆಂಡಿಗೆ 340 ಮೀಟರ್ ಎಂದಿಟ್ಟುಕೊಂಡರೆ 3400 ಹರ್ಟ್ಜ್. ನಿಜವಾದ ಕಿವಿಯಲ್ಲಿ ಅದು ಇನ್ನೂ ಸ್ವಲ್ಪ ಕೆಳಗೆ, 3000ದ ಆಸುಪಾಸಿನಲ್ಲಿ ಬೀಳುತ್ತದೆ. ಅಂದರೆ ಹುಟ್ಟಿದಾಗಿನಿಂದ ನಾವು ಕೇಳುವ ಪ್ರತಿಯೊಂದು ಸದ್ದಿನಲ್ಲೂ ಆ ಭಾಗವನ್ನು ಕಿವಿಯೇ ಎತ್ತಿ ಕೊಡುತ್ತದೆ. ಐಇಎಂ ಹಾಕಿದ ಕೂಡಲೇ ತೆರೆದ ತುದಿ ಮುಚ್ಚಿಹೋಗುತ್ತದೆ, ಆ ಏರಿಕೆ ಅಲ್ಲಿಂದ ಜಾಗ ಬಿಡುತ್ತದೆ. ಅದಕ್ಕೇ ತಯಾರಿಸುವವರು ಅದೇ ಜಾಗದಲ್ಲಿ ತಾವೇ ಒಂದು ದಿಬ್ಬ ಕಟ್ಟುತ್ತಾರೆ. ದಿಬ್ಬ ಎತ್ತರವಾದರೆ, ಅಥವಾ ಅದರಾಚೆ ಇನ್ನೊಂದು ಮೊನೆ ಎದ್ದರೆ, ನನ್ನ ಐಇಎಂನಂತೆ ಕಿವಿ ಚುಚ್ಚುತ್ತದೆ.

ಸ್ಟೇಜಿನ ವಿಷಯವೂ ಹಾಗೆಯೇ. ಎಡಗಡೆಯಿಂದ ಬಂದ ಸದ್ದು ಎಡಗಿವಿಗೆ ಮೊದಲು, ತಲೆಯನ್ನು ಸುತ್ತಿ ಬಲಗಿವಿಗೆ ಆಮೇಲೆ ತಲುಪುತ್ತದೆ. ಹೆಚ್ಚೆಂದರೆ ಸೆಕೆಂಡಿನ ಸಾವಿರ ಭಾಗದಲ್ಲಿ ಒಂದಕ್ಕಿಂತಲೂ ಕಡಿಮೆ ಅಂತರ. ಅಷ್ಟರಲ್ಲೇ ಮೆದುಳು ದಿಕ್ಕನ್ನು ಲೆಕ್ಕ ಹಾಕುತ್ತದೆ. ಮೇಲೆಯೋ ಕೆಳಗೆಯೋ, ಮುಂದೆಯೋ ಹಿಂದೆಯೋ ಎನ್ನುವುದನ್ನು ಹೊರಗಿವಿಯ ಮಡಿಕೆಗಳು ಹೇಳಿಕೊಡುತ್ತವೆ. ಐಇಎಂ ಆ ಮಡಿಕೆಗಳನ್ನು ದಾಟಿ ನೇರ ಒಳಗೆ ಹೋಗಿಬಿಡುತ್ತದೆ. ಓಪನ್-ಬ್ಯಾಕ್ ಇಡೀ ಕಿವಿಯ ಮೇಲೆ ಸದ್ದು ಸುರಿಯುತ್ತದೆ. ಬಟ್ಟಲಿನೊಳಗೆ ಸಿಕ್ಕಿಕೊಂಡು ಪ್ರತಿಧ್ವನಿಸುವ ಗಾಳಿಯೂ ಇಲ್ಲ. ಭಾಯ್‌ನ ಹೆಡ್‌ಫೋನಿನಲ್ಲಿ ಸಿತಾರ್ ಎದುರಿಗೆ ಒಂದು ಮೊಳ ದೂರದಲ್ಲಿ ಕೂತಿತು. ತಬಲಾ ಬಲಕ್ಕೆ, ಸ್ವಲ್ಪ ಹಿಂದೆ. ತಂಬೂರಿ ಎಲ್ಲೆಡೆ. ಮಿಂಚು ಇತ್ತು, ಚುಚ್ಚುತ್ತಿರಲಿಲ್ಲ. ರೆಕಾರ್ಡ್ ಪುಸ್ತಕದಲ್ಲಿ ಅದಕ್ಕೆ ಎರಡೂ ಕಾಲಂನಲ್ಲಿ ಹತ್ತಕ್ಕೆ ಒಂಬತ್ತು ಕೊಟ್ಟೆ.

ಇಷ್ಟಕ್ಕೆ ನಿಂತಿದ್ದರೆ ಇದು ಬರೆಯುವಂಥ ವಿಷಯವಾಗುತ್ತಿರಲಿಲ್ಲ.

ಒಂದು ಭಾನುವಾರ ಅಬ್ಬಾ ಅವರನ್ನು ಕೂರಿಸಿ ಮೂರನ್ನೂ ಕೇಳಿಸಿದೆ. ನನಗೆ ಹೆಮ್ಮೆ ಇದ್ದದ್ದು ಓಪನ್-ಬ್ಯಾಕ್ ಬಗ್ಗೆ, ಅದನ್ನೇ ಕೊನೆಗೆ ಇಟ್ಟುಕೊಂಡಿದ್ದೆ. ಮನೆಯಲ್ಲಿ ನಮ್ಮದು ಅರ್ಧ ದಖನಿ, ಅರ್ಧ ಧಾರವಾಡದ ಕನ್ನಡ. ಐಇಎಂ ಹಾಕಿಕೊಂಡು ಅಬ್ಬಾ ಕಣ್ಣು ಮುಚ್ಚಿದರು. "ಹಾಂ, ಈಗ ತಂತಿ ಮಾತಾಡ್ಲಿಕ್ಕತ್ತು ನೋಡು" ಅಂದರು. ಓಪನ್-ಬ್ಯಾಕ್ ಹಾಕಿದೆ. ಸ್ವಲ್ಪ ಹೊತ್ತು ಕೇಳಿ, "ಛಲೋ ಅದ ಬೇಟಾ. ಆದ್ರ ಮ್ಯಾಲ ಕಂಬಳಿ ಹೊಚ್ಚಿದಂಗ ಅದ. ಜವಾರಿ ಬಂದ್ ಆಗೇದ" ಅಂದರು.

ನನಗೆ ಸಿಟ್ಟು ಬಂತು. ಅಷ್ಟು ಬೆಲೆಯ ಹೆಡ್‌ಫೋನು, ಅಷ್ಟು ಅಗಲದ ಸ್ಟೇಜು, ಇವರಿಗೆ ಬೇಕಾದದ್ದು ಆ ಚುಚ್ಚುವ ಮಾಲೇ? ಅಭಿರುಚಿ ಇಲ್ಲ ಎಂದುಕೊಂಡೆ. ಅಮ್ಮಿಯ ಎದುರು ಹಾಗೆ ಹೇಳಿಯೂಬಿಟ್ಟೆ. ಬಾಲೇಖಾನ್ ಸಾಹೇಬರನ್ನು ಎದುರಿಗೆ ಕೂತು ಕೇಳಿದ ಮನುಷ್ಯನ ಬಗ್ಗೆ ನಾನು ಆಡಿದ ಮಾತು ಅದು.

ಆಮೇಲೆ ಅವರ ಕಿವಿಯಿಂದ ತೆಗೆದ ಐಇಎಂ ಇನ್ನೂ ನನ್ನ ಅಂಗೈಯಲ್ಲಿತ್ತು. ಅಂಗೈಯಿಂದಲೇ ಸಿತಾರ್ ಕೇಳುತ್ತಿತ್ತು. ಫೋನ್ ನೋಡಿದರೆ ವಾಲ್ಯೂಮ್ ತುದಿಯವರೆಗೆ ಏರಿತ್ತು.

ಆಗ ಒಂದೊಂದೇ ನೆನಪಾಯಿತು. ಊಟಕ್ಕೆ ಬಡಿಸುವಾಗ ನಾನು "ಸಾಕು" ಅಂದರೆ ಅಬ್ಬಾ ಇನ್ನೊಂದು ಸೌಟು ಹಾಕುತ್ತಿದ್ದರು. ಅವರಿಗೆ "ಹಾಕು" ಎಂದು ಕೇಳುತ್ತಿತ್ತು. ನಾವು ಅದನ್ನು ತಮಾಷೆ ಮಾಡಿಕೊಂಡು ವರ್ಷಗಳಿಂದ ನಗುತ್ತಿದ್ದೆವು. ‘ಸ’, ‘ಶ’ ಇವುಗಳ ಶಕ್ತಿಯೆಲ್ಲ 4000 ಹರ್ಟ್ಜ್‌ನ ಆಚೀಚೆ ಮತ್ತು ಅದರ ಮೇಲೆಯೇ ಇರುತ್ತದೆ. ಅದು ಹೋದರೆ ‘ಸಾಕು’ವಿನಲ್ಲಿ ಉಳಿಯುವುದು ‘ಆಕು’. ಉಳಿದದ್ದನ್ನು ಕೇಳುವವರು ಊಹಿಸಿ ತುಂಬಿಕೊಳ್ಳಬೇಕು.

ಅಬ್ಬಾ ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಾರೆ. ಪವರ್ ಪ್ರೆಸ್ ಮೇಲೆ ಇಪ್ಪತ್ತು ವರ್ಷ ದಾಟಿದೆ. ಸಂಜೆ ಬಂದ ಮೇಲೆ ಅರ್ಧ ಗಂಟೆ ಯಾರ ಜೊತೆಯೂ ಮಾತಾಡುವುದಿಲ್ಲ. ದಣಿವು ಎಂದುಕೊಂಡಿದ್ದೆವು.

ಮರುದಿನ ಫೋನಿಗೆ ಟೋನ್ ಹೊರಡಿಸುವ ಒಂದು ಆ್ಯಪ್ ಹಾಕಿಕೊಂಡೆ. ಕೇಳಿದಾಗ ಬೆರಳೆತ್ತಿ ಅಂದೆ. 500 ಹರ್ಟ್ಜ್, ಬೆರಳು ಎದ್ದಿತು. 1000, ಎದ್ದಿತು. 2000, ಸ್ವಲ್ಪ ತಡೆದು ಎದ್ದಿತು. 4000 ಹಾಕಿದೆ. ನನಗೆ ಸೂಜಿಯಂತೆ ಕೇಳುತ್ತಿದೆ. ಅಬ್ಬಾ ನನ್ನನ್ನೇ ನೋಡುತ್ತ ಕೂತಿದ್ದರು.

"ಹಾಕು" ಅಂದರು.

"ಹಾಕೀನಿ ಅಬ್ಬಾ."

"ಎಲ್ಲಿ ಹಾಕೀದಿ? ಹಾಕು."

ಅಡುಗೆಮನೆಯಿಂದ ಅಮ್ಮಿ "ಅದೇನದು ಕುಯ್ ಅಂತಿರೋದು, ಬಂದ್ ಮಾಡು" ಎಂದು ಕೂಗಿದರು. ಆ ಕೂಗು ಅಬ್ಬಾ ಅವರಿಗೆ ಕೇಳಿತು. ಟೋನ್ ಕೇಳಿರಲಿಲ್ಲ. ಅವರು ನನ್ನ ಮುಖ ನೋಡಿದರು, ಆಮೇಲೆ ಫೋನ್ ನೋಡಿದರು. ಏನೂ ಹೇಳದೆ ಎದ್ದು ಹೋಗಿ ಚಪ್ಪಲಿ ಹಾಕಿಕೊಂಡರು.

ಫೋನಿನ ಆ್ಯಪ್ ಪರೀಕ್ಷೆ ಅಲ್ಲ, ಇದನ್ನು ಓದಿ ಯಾರೂ ಮನೆಯಲ್ಲಿ ಡಾಕ್ಟರ್ ಆಗಬೇಡಿ. ಅಬ್ಬಾ ಅವರನ್ನು ಒಪ್ಪಿಸಲು ನಾಲ್ಕು ವಾರ ಹಿಡಿಯಿತು. ಕೊನೆಗೆ ಅಮ್ಮಿಯ ಮಾತಿಗೆ ಹೊರಟರು. ಆಡಿಯಾಲಜಿಸ್ಟ್ ಸದ್ದಿಲ್ಲದ ಸಣ್ಣ ಕೋಣೆಯಲ್ಲಿ ಕೂರಿಸಿ ಆಡಿಯೋಗ್ರಾಂ ತೆಗೆದರು. ಗೆರೆ 1000 ಹರ್ಟ್ಜ್‌ವರೆಗೆ ಮೇಲೇ ಇತ್ತು. 2000 ದಾಟಿದ ಮೇಲೆ ಜಾರಿ, 4000ದಲ್ಲಿ 60 ಡೆಸಿಬೆಲ್‌ಗೆ ಇಳಿದು, 8000ದಲ್ಲಿ ಸ್ವಲ್ಪ ಮೇಲೆ ಬಂದಿತ್ತು. ಎರಡೂ ಕಿವಿಯಲ್ಲಿ ಅದೇ ಆಕಾರ. ಅವರು ಮೊದಲು ಕೇಳಿದ ಪ್ರಶ್ನೆ, "ಯಾವ ಕೆಲಸ ಮಾಡ್ತೀರಿ?" ಎಂದು. 4000ದ ಹತ್ತಿರದ ಆ ಗುಂಡಿ ಗದ್ದಲದಲ್ಲಿ ಕೆಲಸ ಮಾಡುವವರ ಕಿವಿಯ ಗುರುತಂತೆ. ಲಾಗರಿದಮ್ ಓದಿದವರು ಲೆಕ್ಕ ಹಾಕಿಕೊಳ್ಳಬಹುದು: 60 ಡೆಸಿಬೆಲ್ ಎಂದರೆ ಹತ್ತರ ಆರನೇ ಘಾತ. ಒಳ್ಳೆಯ ಕಿವಿಗೆ ಸಾಕಾಗುವ ಸದ್ದಿನ ತೀವ್ರತೆಯ ಹತ್ತು ಲಕ್ಷ ಪಟ್ಟು ಬೇಕು, ಆಗ ಅಬ್ಬಾ ಅವರ ಬೆರಳು ಏಳುತ್ತದೆ. ನನ್ನ ಐಇಎಂನ ಚುಚ್ಚುವ ದಿಬ್ಬ ಅವರಿಗೆ ಆ ಗುಂಡಿಯನ್ನು ಸ್ವಲ್ಪ ತುಂಬಿಕೊಟ್ಟಿತ್ತು, ಅಷ್ಟೆ.

ಒಳಗಿವಿಯ ಕೂದಲಿನಂಥ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹಾಗಾಗಿ ಔಷಧಿ ಇಲ್ಲ, ಇರುವುದು ಶ್ರವಣ ಸಾಧನ. ಅದನ್ನು ಹಾಕುವಾಗ ನನಗೆ ಆಶ್ಚರ್ಯ ಕಾದಿತ್ತು. ಕಿವಿಯ ಹಿಂದೆ ಕೂರುವ ಯಂತ್ರದಿಂದ ಒಂದು ಎಳೆ ವೈರ್ ಬಂದು ಅದರ ತುದಿಯ ಪುಟ್ಟ ಸ್ಪೀಕರ್ ನಾಳದೊಳಗೆ ಹೋಗುತ್ತದೆ. ಆ ತುದಿಗೆ ಹಾಕುವ ರಬ್ಬರ್ ಗುಮ್ಮಟದಲ್ಲಿ ಎರಡು ಜಾತಿ: ಮುಚ್ಚಿದ್ದು, ರಂಧ್ರಗಳಿರುವ ತೆರೆದದ್ದು. ನನ್ನ ಮೂರು ಜೋಡಿಗಳ ಜಗಳವೇ ಇಲ್ಲಿಯೂ! ಮೊದಲು ಮುಚ್ಚಿದ್ದನ್ನು ಹಾಕಿ ನೋಡಿದರು. ಅಬ್ಬಾ ಒಂದು ಮಾತಾಡಿ ಗಾಬರಿಯಾದರು: "ಕೊಡದಾಗ ಬಾಯಿ ಹಾಕಿ ಮಾತಾಡಿದಂಗ ಆಗ್ತದ." ಐಇಎಂ ಹಾಕಿಕೊಂಡು ರಸ್ಕ್ ತಿಂದವರಿಗೆ ಇದು ಗೊತ್ತು. ನಮ್ಮ ಮಾತಿನ ಕಂಪನ ಮೂಳೆಯ ಮೂಲಕ ನಾಳಕ್ಕೆ ಬಂದು, ಬಾಗಿಲು ಮುಚ್ಚಿದ್ದರೆ ಅಲ್ಲೇ ಗುಂಯ್‌ಗುಡುತ್ತದೆ. ತೆರೆದ ಗುಮ್ಮಟ ಹಾಕಿದ ಮೇಲೆ ಸರಿಹೋಯಿತು. ಕೆಳಗಿನ ಸ್ವರಗಳು ಅಬ್ಬಾ ಅವರಿಗೆ ಮೊದಲೇ ಚೆನ್ನಾಗಿ ಕೇಳುತ್ತವಲ್ಲ, ಅವು ರಂಧ್ರದಿಂದ ತಾವಾಗಿ ಬರುತ್ತವೆ. ಯಂತ್ರ ಎತ್ತಿ ಕೊಡಬೇಕಾದದ್ದು ಮೇಲಿನದನ್ನು ಮಾತ್ರ. ತೊಂದರೆ ಒಂದೇ: ತೆರೆದಿದ್ದಷ್ಟೂ ಸದ್ದು ಹೊರಗೆ ಸೋರಿ ಮತ್ತೆ ಮೈಕಿಗೆ ಹೋಗಿ ಸಿಳ್ಳೆ ಹೊಡೆಯುತ್ತದೆ, ಆದ್ದರಿಂದ ಒಂದು ಮಿತಿಗಿಂತ ಹೆಚ್ಚು ಎತ್ತಲಾಗದು.

ಮೊದಲ ವಾರ ಮನೆಯಲ್ಲಿ ಯುದ್ಧ. ಪ್ಲಾಸ್ಟಿಕ್ ಕವರ್ ಮುಟ್ಟಿದರೆ "ಯಾರು ಏನ್ ಹರೀಲಿಕ್ಕತ್ತೀರಿ" ಎನ್ನುವರು. ಫ್ಯಾನಿನ ಸದ್ದು, ಚಮಚದ ಸದ್ದು, ಪೇಪರ್ ಮಡಿಸುವ ಸದ್ದು, ಎಲ್ಲ ಮಿತಿ ಮೀರಿ ಬ್ರೈಟ್. ಎರಡು ಸಲ ಬಿಚ್ಚಿ ಡಬ್ಬಿಯಲ್ಲಿಟ್ಟರು. ಆಡಿಯಾಲಜಿಸ್ಟ್ ಇದನ್ನು ಮೊದಲೇ ಹೇಳಿದ್ದರು. ವರ್ಷಗಟ್ಟಲೆ ಕೇಳದ ಸದ್ದನ್ನು ಮೆದುಳು ಒಮ್ಮೆಗೇ ಒಪ್ಪುವುದಿಲ್ಲ, ಕಡಿಮೆಯಿಂದ ಶುರು ಮಾಡಿ ಕೆಲವು ವಾರಗಳಲ್ಲಿ ಏರಿಸಬೇಕು ಎಂದು. ಎರಡನೇ ಸಲ ಹೋದಾಗ ಮೇಲಿನ ಆವರ್ತನಗಳನ್ನು ತುಸು ಇಳಿಸಿಕೊಟ್ಟರು. ಪ್ರೆಸ್ಸಿನ ಹತ್ತಿರ ಸಾಧನ ಹಾಕಬಾರದು, ಅಲ್ಲಿ ಕಿವಿ ಮುಚ್ಚುವ ಮಫ್ ಹಾಕಬೇಕು ಎಂದೂ ಹೇಳಿದರು. ಈಗ ಅಬ್ಬಾ ಅವರ ಬುತ್ತಿ ಚೀಲದಲ್ಲಿ ಒಂದು ಜೋಡಿ ಮಫ್ ಇರುತ್ತದೆ. ಜೊತೆಯವರು ನಗುತ್ತಾರಂತೆ.

ನನ್ನ ಕಡೆಗೂ ಸ್ವಲ್ಪ ಬರುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ನಾನು ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್ ಕಡೆ ಹೋಗುವಾಗ ಗಮನಿಸಿದೆ. ಮಾಗಡಿ ರಸ್ತೆ ಸ್ಟೇಷನ್ ದಾಟಿ ರೈಲು ಸುರಂಗಕ್ಕೆ ಇಳಿದ ಕೂಡಲೇ ಬಿಳಿ ಇಯರ್‌ಬಡ್ ಹಾಕಿದ ನನ್ನ ಬೆರಳು ತಾನಾಗಿ ವಾಲ್ಯೂಮ್ ಏರಿಸುತ್ತದೆ, 15 ಮೆಟ್ಟಿಲಲ್ಲಿ 13. ಐಇಎಂ ಹೊರಗಿನ ಗದ್ದಲವನ್ನು ತಡೆಯುವುದರಿಂದ ಅಲ್ಲೇ 6 ಸಾಕು. ಸ್ಟೇಜ್ ಇಲ್ಲ, ಚುಚ್ಚುತ್ತದೆ, ಆದರೂ ರೈಲಿನಲ್ಲಿ ಈಗ ಅದೇ ನನ್ನ ಆಯ್ಕೆ. ಫೋನಿನ ಈಕ್ವಲೈಜರಿನಲ್ಲಿ ಮೇಲಿನ ಎರಡು ಪಟ್ಟಿ ಇಳಿಸಿಕೊಂಡಿದ್ದೇನೆ. ರಸ್ತೆ ದಾಟುವಾಗ ತೆಗೆದು ಜೇಬಿಗೆ ಹಾಕಿಕೊಳ್ಳುತ್ತೇನೆ, ಅದೂ ಹೇಳಿಬಿಡಬೇಕು.

ದಸರೆ ರಜೆಗೆ ಭಾಯ್ ಮತ್ತೆ ಊರಿಗೆ ಹೊರಟಾಗ ಹೆಡ್‌ಫೋನ್ ಕೇಳಿ ಪಡೆದೆ. ಸಾಧನ ಹಾಕಿದ ಕಿವಿಯಲ್ಲಿ ಐಇಎಂಗೆ ಜಾಗವಿಲ್ಲ. ಓಪನ್-ಬ್ಯಾಕ್‌ನ ದೊಡ್ಡ ಬಟ್ಟಲು ಮಾತ್ರ ಕಿವಿ, ಯಂತ್ರ ಎರಡನ್ನೂ ಸೇರಿಸಿ ಕೂತುಕೊಳ್ಳುತ್ತದೆ. ಮೊದಲು ಸ್ವಲ್ಪ ಸಿಳ್ಳೆ ಬಂತು, ಬಟ್ಟಲನ್ನು ಮುಂದಕ್ಕೆ ಸರಿಸಿದ ಮೇಲೆ ನಿಂತಿತು. ಟ್ರ್ಯಾಕ್ 07 ಹಾಕಿದೆ. ವಾಲ್ಯೂಮ್ ಅರ್ಧಕ್ಕಿಂತ ಕೆಳಗೆ.

ಆಲಾಪ ಮುಗಿಯುವವರೆಗೆ ಅಬ್ಬಾ ಅಲ್ಲಾಡಲಿಲ್ಲ. ತಬಲಾ ಶುರುವಾದಾಗ ಕಣ್ಣು ಮುಚ್ಚಿಕೊಂಡೇ ಬಲಗೈ ಎತ್ತಿ ಬೀರುವಿನ ಕಡೆ ತೋರಿಸಿದರು. "ತಬಲಾದಂವಾ ಅಲ್ಲಿ ಕುಂತಾನ" ಅಂದರು. ಹೆಡ್‌ಫೋನ್ ಹಾಕಿಕೊಂಡವರು ಮಾತಾಡುವಂತೆ ಗಟ್ಟಿಯಾಗಿ ಹೇಳಿದ್ದರಿಂದ ಅಮ್ಮಿ ಏನಾಯಿತೆಂದು ಬಾಗಿಲಿಗೆ ಬಂದರು.

ಮುಗಿದ ಮೇಲೆ ಹೆಡ್‌ಫೋನನ್ನು ತಿರುಗಿಸಿ ಜಾಲರಿ ನೋಡಿದರು. "ಇದಕ್ಕ ಎಷ್ಟು?" ಅಂದರು. ಹೇಳಿದೆ. ಸುಮ್ಮನೆ ಲೆಕ್ಕ ಹಾಕಿ, "ಕಿವಿ ಮಷೀನಿಗಿಂತ ಕಡಿಮೀನ ಆತು" ಎಂದು ಹೇಳಿ, ಇನ್ನೊಮ್ಮೆ ಹಾಕು ಎಂದು ಕೈ ಮಾಡಿದರು. ಭಾಯ್ ಶನಿವಾರ ಬರುತ್ತಾನೆ. ಅಲ್ಲಿಯವರೆಗೆ ಫಜರ್ ಆದ ಮೇಲಿನ ಅರ್ಧ ಗಂಟೆ ಅಬ್ಬಾ ಅವರದ್ದು.